ಪಿಕಪ್‌ಗೆ ಇನ್ನೊಂದು ಪ್ಲೇಟ್ ಹಾಕಿಸಿದರೆ ಯಾರ ಭಾರ ಯಾರ ಮೇಲೆ?

ಓಣಂ ಹತ್ತಿರ ಬಂದಾಗ ಗುಂಡ್ಲುಪೇಟೆ, ತೆರಕಣಾಂಬಿ ತರಕಾರಿ ಮಾರುಕಟ್ಟೆಗಳ ಮುಂದೆ ಸಾಲಾಗಿ ನಿಲ್ಲುವ ಪಿಕಪ್‌ಗಳನ್ನು ಒಮ್ಮೆ ಪಕ್ಕದಿಂದ ನೋಡಿ. ಖಾಲಿ ಇರುವಾಗ ಕೆಲವು ಗಾಡಿಗಳ ಹಿಂಭಾಗ ಎತ್ತಿಕೊಂಡು, ಮೂತಿ ತಗ್ಗಿ ನಿಂತಿರುತ್ತೆ. ಗುಮ್ಮೋಕೆ ತಲೆ ತಗ್ಗಿಸಿದ ಹೋರಿ ಹಾಗೆ. ಅದು ಕಂಪನಿ ಕೊಟ್ಟ ಎತ್ತರ ಅಲ್ಲ. ಹಿಂದಿನ ಆಕ್ಸಲ್ ಮೇಲಿರುವ ಕಮಾನು ಪ್ಲೇಟ್‌ಗಳ ಜೊತೆಗೆ ಒಂದೋ ಎರಡೋ ಪ್ಲೇಟ್ ಹೆಚ್ಚಿಗೆ ಹಾಕಿಸಿರುವ ಗಾಡಿ ಅದು. ಟೊಮೆಟೊ, ಬೀನ್ಸ್, ಬೀಟ್‌ರೂಟ್ ಕ್ರೇಟುಗಳು ಏರಿದ ಮೇಲೆ ಅದೇ ಹಿಂಭಾಗ ಇಳಿದು ಗಾಡಿ ಮಟ್ಟಸವಾಗಿ ಕಾಣುತ್ತೆ. ಮಟ್ಟಸವಾಗಿ ಕಾಣೋದೇ ಇಲ್ಲಿ ಸಮಸ್ಯೆ.

ಇನ್ನೊಂದು ಕಡೆ ಇಸುಜು ವಿ-ಕ್ರಾಸ್, ಟೊಯೋಟಾ ಹೈಲಕ್ಸ್ ಥರದ ದುಬಾರಿ ಪಿಕಪ್‌ಗಳಿಗೆ ‘ಲಿಫ್ಟ್ ಕಿಟ್’ ಹಾಕಿಸುವ ಶೋಕಿ ಬೆಳೆದಿದೆ. ವಿ-ಕ್ರಾಸ್ ಭಾರತಕ್ಕೆ ಬಂದಿದ್ದು 2016ರಲ್ಲಿ, ಹೈಲಕ್ಸ್ 2022ರಲ್ಲಿ. ಆಸ್ಟ್ರೇಲಿಯಾ ಮೂಲದ ಓಲ್ಡ್ ಮ್ಯಾನ್ ಈಮು, ಐರನ್‌ಮ್ಯಾನ್ ಕಂಪನಿಗಳ ಸ್ಪ್ರಿಂಗ್-ಶಾಕ್ ಅಬ್ಸಾರ್ಬರ್ ಸೆಟ್ ಹಾಕಿಸಿ ಗಾಡಿಯನ್ನು ಒಂದೂವರೆಯಿಂದ ಎರಡು ಇಂಚು ಎತ್ತರಿಸುತ್ತಾರೆ. ಯೂಟ್ಯೂಬ್‌ನಲ್ಲಿ ಸಿಗುವ ಸಲಹೆಗಳ ಬಹುಪಾಲು ಇಂಥ ಗಾಡಿಗಳಿಗೆ, ಇಲ್ಲವೇ ಅಮೆರಿಕದ ಭಾರಿ ಪಿಕಪ್‌ಗಳಿಗೆ ಹೇಳಿದ್ದು. ಅಲ್ಲಿ ಎತ್ತರ ಬೇಕಾಗಿರೋದು ಕಲ್ಲುಬಂಡೆ ಹತ್ತಿಸೋಕೆ, ದೊಡ್ಡ ಟೈರ್ ಕೂರಿಸೋಕೆ, ಕೆಲವೊಮ್ಮೆ ಬರೀ ನೋಟಕ್ಕೆ. ಗುಂಡ್ಲುಪೇಟೆಯಲ್ಲಿ ಅದೇ ಎರಡು ಇಂಚು ಬೇಕಾಗಿರೋದು ಇನ್ನೂ 30 ಕ್ರೇಟು ಏರಿಸೋಕೆ.

ಎರಡರ ಹಿಂದೆಯೂ ಒಂದೇ ತಪ್ಪು ಕಲ್ಪನೆ ಕೆಲಸ ಮಾಡ್ತಿದೆ: ಸಸ್ಪೆನ್ಷನ್ ಗಟ್ಟಿಯಾದರೆ ಗಾಡಿ ಹೊರುವ ಶಕ್ತಿ ಹೆಚ್ಚುತ್ತೆ ಅನ್ನೋದು. ಹೆಚ್ಚೋದಿಲ್ಲ. ಯಾಕೆ ಅಂತ ತಿಳ್ಕೊಂಡರೆ ಯಾವ ಗಾಡಿಗೆ ಏನು ಹಾಕಿಸಬೇಕು, ಏನು ಹಾಕಿಸಬಾರದು ಅನ್ನೋದು ಅರ್ಧ ತೀರ್ಮಾನ ಆದ ಹಾಗೆ.

ಪ್ಲೇಟ್ ಮಾಡುವ ಕೆಲಸ

ನಮ್ಮ ಕಡೆ ಓಡುವ ಬೊಲೆರೊ ಪಿಕಪ್, ಟಾಟಾ ಏಸ್, ಯೋಧ, ಅಶೋಕ್ ಲೇಲ್ಯಾಂಡ್ ದೋಸ್ತ್ ಎಲ್ಲಕ್ಕೂ ಹಿಂದೆ ಇರೋದು ಲೀಫ್ ಸ್ಪ್ರಿಂಗ್. ಬಾಗಿದ ಉಕ್ಕಿನ ಪಟ್ಟಿಗಳನ್ನು ಒಂದರ ಮೇಲೊಂದು ಜೋಡಿಸಿ, ನಡುವೆ ಸೆಂಟರ್ ಬೋಲ್ಟ್ ಹಾಕಿ, ಯು-ಬೋಲ್ಟ್‌ಗಳಿಂದ ಆಕ್ಸಲ್‌ಗೆ ಬಿಗಿದಿರುತ್ತಾರೆ. ಒಂದೇ ಅಳತೆಯ ಐದು ಪ್ಲೇಟ್ ಇರುವ ಕಡೆ ಆರನೆಯದು ಸೇರಿದರೆ ಸ್ಪ್ರಿಂಗ್ ಸುಮಾರು 20% ಗಟ್ಟಿಯಾಗುತ್ತೆ. ಪ್ಲೇಟ್‌ನ ದಪ್ಪ ಹೆಚ್ಚಿಸಿದರೆ ಲೆಕ್ಕ ಇನ್ನೂ ಬೇರೆ: ದಪ್ಪ 10% ಹೆಚ್ಚಾದರೆ ಆ ಪ್ಲೇಟ್‌ನ ಗಡಸುತನ 33% ಏರುತ್ತೆ. ಯಾಕಂದ್ರೆ ಅದು ದಪ್ಪದ ಘನದ ಲೆಕ್ಕದಲ್ಲಿ ಏರೋದು. ಹಾಗಾಗಿ ‘ಸ್ವಲ್ಪ ದಪ್ಪಂದು ಹಾಕು’ ಅನ್ನುವ ಮಾತು ಗ್ಯಾರೇಜಿನಲ್ಲಿ ಕೇಳೋಕೆ ಸಣ್ಣದು, ಗಾಡಿಗೆ ದೊಡ್ಡದು.

ಸ್ಪ್ರಿಂಗ್ ಗಟ್ಟಿಯಾದರೆ ಗಾಡಿ ಕಡಿಮೆ ಕುಗ್ಗುತ್ತೆ. ಅಷ್ಟೇ. ತೂಕ ಎಲ್ಲಿಗೂ ಹೋಗೋದಿಲ್ಲ. ಆಕ್ಸಲ್, ಅದರ ಬೇರಿಂಗ್, ಚಕ್ರದ ಬೋಲ್ಟ್, ಟೈರ್, ಬ್ರೇಕ್, ಚಾಸಿಸ್ ಎಲ್ಲವೂ ಮೊದಲಿನಷ್ಟೇ ಸಾಮರ್ಥ್ಯದವು, ಅವುಗಳ ಮೇಲೆ ಬೀಳುವ ಭಾರ ಮಾತ್ರ ಜಾಸ್ತಿ. ಬಂಡೀಪುರದ ರಸ್ತೆಯ ಹಂಪ್‌ಗಳ ಮೇಲೆ ಹಾರಿ ಇಳಿಯುವಾಗಿನ ಪೆಟ್ಟನ್ನು ಮೊದಲು ಸ್ಪ್ರಿಂಗ್ ನುಂಗುತ್ತಿತ್ತು. ಈಗ ಅದು ನೇರ ಚಾಸಿಸ್‌ಗೆ ಹೋಗುತ್ತೆ. ಸ್ಪ್ರಿಂಗನ್ನು ಹಿಡಿದಿರುವ ಬ್ರಾಕೆಟ್, ಶ್ಯಾಕಲ್‌ಗಳ ಸುತ್ತ ಬಿರುಕು ಕಾಣಿಸೋಕೆ ಶುರುವಾಗೋದು ಹೀಗೆ. ಹಳೇ ಲಾರಿಯ ಪ್ಲೇಟನ್ನು ಗ್ಯಾಸ್ ಕಟರ್‌ನಲ್ಲಿ ಕತ್ತರಿಸಿ ಹೊಂದಿಸಿದ್ದಾದರಂತೂ ಕಾದ ಜಾಗದಲ್ಲಿ ಉಕ್ಕಿನ ಹದವೇ ಕೆಟ್ಟಿರುತ್ತೆ. ಅಂಥ ಪ್ಲೇಟ್ ಮುರಿಯೋದಾದರೆ ಅಲ್ಲೇ ಮುರಿಯೋದು.

ಕುಗ್ಗುವಿಕೆ ಅನ್ನೋದು ಡ್ರೈವರ್‌ಗೆ ಗಾಡಿ ಕೊಡುವ ಸೂಚನೆ ಕೂಡ. ಹಿಂಭಾಗ ಕೂತುಬಿಟ್ಟಿತು, ಸ್ಟೇರಿಂಗ್ ಹಗುರಾಯಿತು ಅಂದರೆ ‘ಸಾಕು’ ಅಂತ ಅರ್ಥ. ಪ್ಲೇಟ್ ಹಾಕಿಸಿದ ಮೇಲೆ ಆ ಸೂಚನೆ ತಡವಾಗಿ ಬರುತ್ತೆ. ಲೋಡ್ ಮಾಡಿಸುವವರಿಗೂ ‘ಇನ್ನೂ ಕೂತಿಲ್ಲ ಕಣಣ್ಣ, ಇನ್ನೊಂದ್ ಹತ್ತು ಇಡು’ ಅನ್ನೋಕೆ ಧೈರ್ಯ ಬರುತ್ತೆ.

ಬ್ರೇಕ್‌ಗೆ ಬೀಳುವ ಮೋಸ

ಇದರ ಬಗ್ಗೆ ಯಾರೂ ಹೆಚ್ಚು ಮಾತಾಡೋದಿಲ್ಲ, ಹಾಗಾಗಿ ಸ್ವಲ್ಪ ವಿವರವಾಗಿ ಹೇಳಬೇಕು. ಪಿಕಪ್ ಖಾಲಿ ಇದ್ದಾಗ ಹಿಂದಿನ ಚಕ್ರಗಳ ಮೇಲೆ ತೂಕ ಕಡಿಮೆ. ಆಗ ಹಿಂದೆ ಜೋರಾಗಿ ಬ್ರೇಕ್ ಬಿದ್ದರೆ ಚಕ್ರ ಲಾಕ್ ಆಗಿ ಗಾಡಿ ತಿರುಗಿಬಿಡುತ್ತೆ. ಲೋಡ್ ಇದ್ದಾಗ ಹಿಂದೆ ಬ್ರೇಕ್ ಹೆಚ್ಚು ಬೇಕು. ಇದನ್ನು ಸರಿದೂಗಿಸೋಕೆ ಅನೇಕ ಪಿಕಪ್‌ಗಳಲ್ಲಿ ಒಂದು ವಾಲ್ವ್ ಇಟ್ಟಿರುತ್ತಾರೆ. ಎಲ್‌ಎಸ್‌ಪಿವಿ ಅಂತಾರೆ. ಲೋಡ್ ಎಷ್ಟಿದೆ ಅಂತ ಅದಕ್ಕೆ ಗೊತ್ತಾಗೋದು ಒಂದೇ ದಾರಿಯಲ್ಲಿ: ಚಾಸಿಸ್‌ಗೂ ಆಕ್ಸಲ್‌ಗೂ ಇರುವ ಅಂತರದಿಂದ. ಒಂದು ಸಣ್ಣ ಕಡ್ಡಿ ಅಥವಾ ಸ್ಪ್ರಿಂಗ್ ಆ ಅಂತರವನ್ನು ಅಳೆಯುತ್ತಿರುತ್ತೆ. ಅಂತರ ಕಡಿಮೆಯಾದರೆ ‘ಲೋಡ್ ಇದೆ’, ಹಿಂದಿನ ಬ್ರೇಕ್‌ಗೆ ಹೆಚ್ಚು ಒತ್ತಡ. ಅಂತರ ಹೆಚ್ಚಿದ್ದರೆ ‘ಖಾಲಿ’, ಕಡಿಮೆ ಒತ್ತಡ.

ಈಗ ಪ್ಲೇಟ್ ಸೇರಿಸಿಯೋ, ಉದ್ದನೆಯ ಶ್ಯಾಕಲ್ ಹಾಕಿಯೋ, ಆಕ್ಸಲ್ ಮತ್ತು ಸ್ಪ್ರಿಂಗ್ ನಡುವೆ ಬ್ಲಾಕ್ ಇಟ್ಟೋ ಹಿಂಭಾಗ ಎತ್ತರಿಸಿದ್ದೀರಿ. ಎರಡು ಟನ್ ಮಾಲು ಹೇರಿದ್ದೀರಿ. ಅಂತರ ಇನ್ನೂ ದೊಡ್ಡದಾಗೇ ಇದೆ. ವಾಲ್ವ್ ಪಾಲಿಗೆ ಗಾಡಿ ಖಾಲಿ! ಅತಿ ಹೆಚ್ಚು ಬ್ರೇಕ್ ಬೇಕಾದ ಹೊತ್ತಲ್ಲಿ ಹಿಂದಿನ ಚಕ್ರಗಳಿಗೆ ಅತಿ ಕಡಿಮೆ ಬ್ರೇಕ್ ಹೋಗುತ್ತೆ. ಎಲ್ಲ ಕೆಲಸ ಮುಂದಿನ ಬ್ರೇಕ್ ಮೇಲೆ.

ಗುಂಡ್ಲುಪೇಟೆಯಿಂದ ಕೋಯಿಕ್ಕೋಡ್‌ಗೆ ಹೋಗುವ ರಾಷ್ಟ್ರೀಯ ಹೆದ್ದಾರಿ 766ರಲ್ಲಿ ವಯನಾಡ್ ದಾಟಿದ ಮೇಲೆ ತಾಮರಶ್ಶೇರಿ ಘಾಟಿ ಇಳಿಯಬೇಕು, ಒಂಬತ್ತು ಹೇರ್‌ಪಿನ್ ತಿರುವು. ಚಾಮರಾಜನಗರದಿಂದ ಪುಣಜನೂರು ಮೇಲೆ ಸತ್ಯಮಂಗಲಕ್ಕೆ ಹೋದರೆ ದಿಂಬಂ ಘಾಟಿ, 27 ತಿರುವು. ಇಳಿಜಾರಿನಲ್ಲಿ ಬ್ರೇಕ್‌ಗೆ ಹುಟ್ಟುವ ಶಾಖ ಗಾಡಿಯ ಒಟ್ಟು ತೂಕದಷ್ಟೇ ಪ್ರಮಾಣದಲ್ಲಿ ಏರುತ್ತೆ: ಮೂರು ಟನ್ ಇರಬೇಕಾದ್ದು 4.2 ಟನ್ ಆದರೆ ಶಾಖ 40% ಹೆಚ್ಚು. ಆ ಹೆಚ್ಚಿನ ಶಾಖವನ್ನೂ ಮುಂದಿನ ಎರಡು ಚಕ್ರಗಳೇ ತಿನ್ನಬೇಕು ಅಂದರೆ ಐದಾರನೇ ತಿರುವಿನ ಹೊತ್ತಿಗೆ ಪೆಡಲ್ ಒತ್ತಿದರೂ ಹಿಡಿಯದ ಸ್ಥಿತಿ ಬರಬಹುದು. ಪತ್ರಿಕೆಗಳಲ್ಲಿ ‘ಬ್ರೇಕ್ ಫೇಲ್’ ಅನ್ನುವ ಎರಡು ಪದದಲ್ಲಿ ಮುಗಿದುಹೋಗುವ ಅಪಘಾತಗಳಲ್ಲಿ ಇಂಥವೂ ಇರುತ್ತವೆ.

ಪ್ಲೇಟ್ ಬದಲಿಸಿದ ಯಾವುದೇ ಮೆಕ್ಯಾನಿಕ್‌ಗೆ ಕೇಳಲೇಬೇಕಾದ ಪ್ರಶ್ನೆ ಹಾಗಾಗಿ ಇದು: ‘ಅಣ್ಣಾ, ವಾಲ್ವ್ ಸೆಟ್ಟಿಂಗ್ ನೋಡಿದ್ರಾ?’ ‘ಅದೇನೂ ಆಗಲ್ಲ’ ಅಂದರೆ ಬೇರೆ ಗ್ಯಾರೇಜ್ ನೋಡಿಕೊಳ್ಳಿ.

ಹಾಗಾದರೆ ಯಾವುದು ಹಾಕಿಸಬಹುದು?

ಮೊದಲು ಗಾಡಿ ಯಾಕೆ ತಗ್ಗಿದೆ ಅಂತ ನೋಡಿ. ಖಾಲಿ ಗಾಡಿಯನ್ನು ಮಟ್ಟಸ ಜಾಗದಲ್ಲಿ ನಿಲ್ಲಿಸಿ, ಚಕ್ರದ ಮಧ್ಯದಿಂದ ಬಾಡಿ ಅಂಚಿನವರೆಗೆ ಎರಡೂ ಬದಿ ಟೇಪ್ ಹಿಡಿದು ಅಳೆಯಿರಿ. ಎಡ-ಬಲ ವ್ಯತ್ಯಾಸ ಇದ್ದರೆ, ಅಥವಾ ಖಾಲಿ ಇದ್ದಾಗಲೇ ಪ್ಲೇಟ್‌ಗಳು ಬಾಗು ಕಳೆದುಕೊಂಡು ಸಪಾಟಾಗಿದ್ದರೆ ಸ್ಪ್ರಿಂಗ್ ಸವೆದಿದೆ ಎಂದರ್ಥ. ಅದಕ್ಕೆ ಮದ್ದು ಹೆಚ್ಚುವರಿ ಪ್ಲೇಟ್ ಅಲ್ಲ. ಕಂಪನಿ ಅಳತೆಯ ಪೂರ್ತಿ ಸೆಟ್, ಜೊತೆಗೆ ಹೊಸ ಬುಷ್, ಹೊಸ ಯು-ಬೋಲ್ಟ್, ಶಾಕ್ ಅಬ್ಸಾರ್ಬರ್ ಬದಲಾಯಿಸಬೇಕು. ನಾಲ್ಕು ಹಳೇ ಸುಸ್ತಾದ ಪ್ಲೇಟ್‌ಗಳ ನಡುವೆ ಒಂದು ಹೊಸ ಪ್ಲೇಟ್ ತೂರಿಸಿದರೆ ಭಾರದಲ್ಲಿ ದೊಡ್ಡ ಪಾಲನ್ನು ಹೊಸದೇ ಹೊತ್ತು ಬೇಗ ಮುರಿಯುತ್ತೆ. ಖರ್ಚು ಉಳೀತು ಅಂದುಕೊಂಡಿದ್ದು ಎರಡು ಸಲ ಆಗುತ್ತೆ.

ಸ್ಪ್ರಿಂಗ್ ಚೆನ್ನಾಗಿದ್ದೂ ಗಾಡಿ ಕೂರುತ್ತಿದೆ ಅಂದರೆ ತಪ್ಪು ಗಾಡಿಯದ್ದಲ್ಲ, ಲೋಡಿನದು. 1.3 ಟನ್ ಹೊರುವ ಪಿಕಪ್ ಲೆಕ್ಕ ಹಾಕಿ. ಕ್ರೇಟಿಗೆ 25 ಕೆಜಿ ಅಂತ ಇಟ್ಟುಕೊಂಡರೆ 52 ಕ್ರೇಟಿಗೆ ಮುಗೀತು, ಖಾಲಿ ಕ್ರೇಟಿನ ತೂಕ ಬೇರೆ. ನೂರು ಕ್ರೇಟ್ ಹೇರಿದರೆ ಎರಡೂವರೆ ಟನ್. ದಿನಾ ಎರಡು ಟನ್ ಬಾಡಿಗೆ ಸಿಗುತ್ತೆ ಅನ್ನುವವರು 1.3ರ ಗಾಡಿ ಕೊಂಡು ಪ್ಲೇಟ್ ಹಾಕಿಸುವ ಬದಲು 2 ಟನ್‌ನ ಗಾಡಿಯನ್ನೇ ನೋಡಬೇಕು. ಟಾಟಾ ಯೋಧ 2022ರಲ್ಲಿ, ಬೊಲೆರೊ ಮ್ಯಾಕ್ಸ್ ಪಿಕಪ್ 2023ರಲ್ಲಿ ಆ ಸಾಮರ್ಥ್ಯದ ಮಾದರಿ ತಂದಿವೆ. ಆದರೂ ಜನ ಚಿಕ್ಕದನ್ನೇ ಯಾಕೆ ಕೊಳ್ತಾರೆ? ಕಂತು ಕಡಿಮೆ ಅನ್ನೋದು ಒಂದು ಕಾರಣ. ಇನ್ನೊಂದು ಕಾನೂನಿನಲ್ಲೇ ಇದೆ: ಮೋಟಾರು ವಾಹನ ಕಾಯ್ದೆ 1988ರ ಸೆಕ್ಷನ್ 66ರ ಪ್ರಕಾರ ಒಟ್ಟು ತೂಕ 3,000 ಕೆಜಿ ಮೀರದ ಸರಕು ವಾಹನಕ್ಕೆ ಪರ್ಮಿಟ್ ಬೇಕಿಲ್ಲ. ಪರ್ಮಿಟ್ ರಗಳೆ ಇಲ್ಲದ ಗಾಡಿ ಕೊಂಡು, ಅದರಲ್ಲಿ ಪರ್ಮಿಟ್ ಬೇಕಾದಷ್ಟು ಮಾಲು ಸಾಗಿಸುವುದು, ಇದೇ ನಡೀತಿರೋದು.

ಹೊಲದ ದಾರಿಯ ಗಾಡಿಜಾಡಿನಲ್ಲಿ ತಳ ತಾಗುತ್ತೆ, ಅದಕ್ಕೆ ಎತ್ತರಿಸ್ತೀವಿ ಅನ್ನುವವರೂ ಇದ್ದಾರೆ. ಅವರು ಒಮ್ಮೆ ಗಾಡಿ ಕೆಳಗೆ ಬಗ್ಗಿ ನೋಡಬೇಕು. ಹಿಂದೆ ನೆಲಕ್ಕೆ ಹತ್ತಿರ ಇರೋದು ಆಕ್ಸಲ್ ನಡುವಿನ ಡಿಫರೆನ್ಷಿಯಲ್ ಗುಂಡು. ಸ್ಪ್ರಿಂಗ್ ಎತ್ತರಿಸಿದರೆ ಮೇಲೇರೋದು ಚಾಸಿಸ್, ಆ ಗುಂಡು ಇದ್ದಲ್ಲೇ ಇರುತ್ತೆ. ಅದನ್ನು ಮೇಲೆತ್ತೋದು ಟೈರಿನ ಅಳತೆ ಮಾತ್ರ. ಎರಡು ಇಂಚು ಲಿಫ್ಟ್ ಮಾಡಿಸಿಯೂ ಅದೇ ಕಲ್ಲಿಗೆ ಅದೇ ಗುಂಡು ಬಡಿಸಿಕೊಳ್ಳೋದು ಇದಕ್ಕೇ.

ವಿ-ಕ್ರಾಸ್, ಹೈಲಕ್ಸ್ ಇಟ್ಟುಕೊಂಡು ನಿಜವಾಗಲೂ ಕಿಟ್ ಹಾಕಿಸುವವರಿಗೆ ಒಂದೇ ಮುಖ್ಯ ಮಾತು: ಕಿಟ್ ಆರಿಸಬೇಕಾದ್ದು ಎತ್ತರ ನೋಡಿ ಅಲ್ಲ, ಗಾಡಿ ಸದಾ ಹೊತ್ತಿರುವ ತೂಕ ನೋಡಿ. ಯಾವಾಗಲೋ ಒಮ್ಮೆ ಹೇರುವ ಗರಿಷ್ಠ ಲೋಡ್ ಲೆಕ್ಕಕ್ಕಿಲ್ಲ. ಖಾಲಿ ಓಡಿಸುವ ಗಾಡಿಗೆ ಮುನ್ನೂರು ಕೆಜಿ ಸದಾ ಹೊರುವ ಸ್ಪ್ರಿಂಗ್ ಹಾಕಿಸಿದರೆ ಹಿಂಭಾಗ ಕುಣಿಯುತ್ತೆ, ಮಳೆಯಲ್ಲಿ ತಿರುವಿನಲ್ಲಿ ಜಾರುತ್ತೆ. ಸ್ಪ್ರಿಂಗ್ ಮೇಲೆ ಬರೀ ಒಂದು ಬಿಲ್ಲೆ ಇಟ್ಟು ಎತ್ತರಿಸುವ ‘ಸ್ಪೇಸರ್’ ಅಗ್ಗ, ಆದರೆ ಶಾಕ್ ಅಬ್ಸಾರ್ಬರ್ ಹಳೆಯದೇ ಇರುತ್ತೆ, ಚಕ್ರ ಕೆಳಗಿಳಿಯುವ ಜಾಗ ಅಷ್ಟೇ ಕಡಿಮೆಯಾಗುತ್ತೆ. ಎರಡು ಇಂಚು ದಾಟಿದರೆ ಮುಂದಿನ ಡ್ರೈವ್ ಶಾಫ್ಟ್‌ಗಳ ಜಾಯಿಂಟ್ ವಾರೆಯಾಗಿ ಅದರ ರಬ್ಬರ್ ಬೂಟು ಬೇಗ ಹರಿಯುತ್ತೆ, ಮೇಲಿನ ಕಂಟ್ರೋಲ್ ಆರ್ಮ್ ಬದಲಿಸದೆ ಅಲೈನ್‌ಮೆಂಟ್ ಕೂರೋದು ಕಷ್ಟ, ಬ್ರೇಕ್ ಹೋಸ್ ಎಳೆದುಕೊಳ್ಳುತ್ತೆ. ಹೆಡ್‌ಲೈಟ್ ಮರುಹೊಂದಿಸದಿದ್ದರೆ ಎದುರಿನ ಬೈಕ್‌ನವರ ಕಣ್ಣಿಗೇ ಬೆಳಕು. ಗಾಳಿ ತುಂಬುವ ಏರ್ ಬ್ಯಾಗ್ ಕೂಡ ಇದೇ ಜಾತಿ: ಹಿಂಭಾಗ ಎತ್ತಿ ನಿಲ್ಲಿಸುತ್ತೆ, ಹೊರುವ ಸಾಮರ್ಥ್ಯವನ್ನಲ್ಲ.

ಕಾನೂನು ಎಲ್ಲಿ ಹಿಡಿಯುತ್ತೆ

ಕಾಯ್ದೆಯ ಸೆಕ್ಷನ್ 52, ತಯಾರಕರು ಮೂಲದಲ್ಲಿ ಕೊಟ್ಟ ವಿವರಕ್ಕೂ ಆರ್‌ಸಿಯಲ್ಲಿರುವ ವಿವರಕ್ಕೂ ಭಿನ್ನವಾಗುವಂಥ ಬದಲಾವಣೆಯನ್ನು ನಿಷೇಧಿಸುತ್ತೆ. 2019ರ ಜನವರಿಯಲ್ಲಿ ಸುಪ್ರೀಂ ಕೋರ್ಟ್ ಕೇರಳದಿಂದ ಹೋದ ಒಂದು ಪ್ರಕರಣದಲ್ಲಿ ಇದನ್ನು ಬಿಗಿಯಾಗೇ ಓದಿತು. ಅದೇ ವರ್ಷದ ತಿದ್ದುಪಡಿಯಲ್ಲಿ ಬಂದ ಸೆಕ್ಷನ್ 182ಎ ಪ್ರಕಾರ ಮಾಲೀಕರಿಗೆ ಆರು ತಿಂಗಳವರೆಗೆ ಜೈಲು ಅಥವಾ ಪ್ರತಿ ಬದಲಾವಣೆಗೆ 5,000 ರೂ. ದಂಡ, ಇಲ್ಲವೇ ಎರಡೂ. ಆದರೆ ‘ಬದಲಾವಣೆ’ ಅಂದರೆ ಗಾಡಿಯ ಮೂಲ ಲಕ್ಷಣವೇ ಬದಲಾಗುವಂಥ ರಚನೆಯ ಬದಲಾವಣೆ ಅಂತ ಅದೇ ಸೆಕ್ಷನ್ 52ರಲ್ಲಿ ವಿವರಣೆ ಇದೆ. ಒಂದು ಪ್ಲೇಟ್ ಅದಕ್ಕೆ ಸೇರುತ್ತಾ? ಎರಡೂ ಕಡೆ ವಾದ ಮಾಡೋಕೆ ಜಾಗ ಇದೆ. ಆ ವಾದ ನಡೆಯೋದು ಮಾತ್ರ ಅಪಘಾತ ಆದ ಮೇಲೆ, ಇನ್ಶೂರೆನ್ಸ್ ಕಂಪನಿ ವಕೀಲರ ಎದುರು.

ಓವರ್‌ಲೋಡ್ ವಿಷಯದಲ್ಲಿ ವಾದಕ್ಕೆ ಜಾಗ ಇಲ್ಲ. ಸೆಕ್ಷನ್ 194: 20,000 ರೂ., ಮೇಲಿನ ಪ್ರತಿ ಟನ್‌ಗೆ 2,000 ರೂ., ಜೊತೆಗೆ ಹೆಚ್ಚುವರಿ ಮಾಲು ಇಳಿಸುವ ಖರ್ಚು. ದಂಡ ಕಟ್ಟಿದೆ, ಇನ್ನು ಹೋಗಬಹುದು ಅಂತಲೂ ಇಲ್ಲ. ದಂಡ ಕಟ್ಟಿದ ಮಾತ್ರಕ್ಕೆ ಹೆಚ್ಚುವರಿ ಲೋಡ್‌ನೊಂದಿಗೆ ಮುಂದೆ ಓಡಿಸುವ ಹಕ್ಕು ಬರೋದಿಲ್ಲ ಅಂತ ಸುಪ್ರೀಂ ಕೋರ್ಟ್ 2005ರಲ್ಲೇ ಪರಮ್‌ಜಿತ್ ಭಸೀನ್ ಪ್ರಕರಣದಲ್ಲಿ ಹೇಳಿದೆ. 2018ರಲ್ಲಿ ಕೇಂದ್ರ ಆಕ್ಸಲ್ ತೂಕದ ಮಿತಿ ಏರಿಸಿತಲ್ಲ ಅಂತ ಕೆಲವರು ಕೇಳ್ತಾರೆ. ಅದು ಭಾರಿ ಲಾರಿಗಳ ಮಾತು. ಪಿಕಪ್‌ಗೆ ಆರ್‌ಸಿಯಲ್ಲಿ ಬರೆದದ್ದೇ ಮಿತಿ.

ಇದೆಲ್ಲಕ್ಕಿಂತ ಕಠೋರವಾದದ್ದು ಇನ್ನೊಂದಿದೆ. ಪ್ಲೇಟ್ ಹಾಕಿಸಿ ಗಟ್ಟಿ ಮಾಡಿದ ಇದೇ ಗಾಡಿಗಳಲ್ಲಿ ಬೆಳಗ್ಗೆ ಹೊತ್ತು ಕೂಲಿಯವರು ನಿಂತುಕೊಂಡು ಹೊಲಗಳಿಗೆ ಹೋಗ್ತಾರೆ, ಹೆಚ್ಚಿನವರು ಹೆಂಗಸರು. ನ್ಯೂ ಇಂಡಿಯಾ ಅಶ್ಯೂರೆನ್ಸ್ ವಿರುದ್ಧ ಆಶಾ ರಾಣಿ ಪ್ರಕರಣದಲ್ಲಿ ಸುಪ್ರೀಂ ಕೋರ್ಟ್ 2002ರಲ್ಲಿ, ಸರಕು ವಾಹನದಲ್ಲಿ ಪ್ರಯಾಣಿಕರಾಗಿ ಹೋಗುವವರಿಗೆ ಪರಿಹಾರ ಕೊಡುವ ಹೊಣೆ ವಿಮಾ ಕಂಪನಿಯದ್ದಲ್ಲ ಎಂದಿತು. ಮಾಲಿನ ಜೊತೆ ಹೋಗುವ ಅದರ ಮಾಲೀಕರಿಗೆ ಅಥವಾ ಅವರ ಪ್ರತಿನಿಧಿಗೆ, ಆ ಗಾಡಿಯಲ್ಲೇ ಕೆಲಸಕ್ಕಿರುವ ಲೋಡರ್‌ಗೆ ಕಾಯ್ದೆಯಲ್ಲಿ ರಕ್ಷಣೆ ಇದೆ. ಕಳೆ ಕೀಳೋಕೆ ಹೋಗ್ತಿದ್ದ ಅಮ್ಮನಿಗೆ ಇಲ್ಲ. ಎತ್ತರಿಸಿದ ಗಾಡಿ ತಿರುವಿನಲ್ಲಿ ಮಗುಚಿದರೆ ಆ ಮನೆಯವರು ಕೈಯೊಡ್ಡಬೇಕಾದ್ದು ಸಾಲದಲ್ಲಿ ಗಾಡಿ ಕೊಂಡಿರುವ ಇನ್ನೊಬ್ಬ ಬಡವನ ಮುಂದೆ.

ಪ್ಲೇಟ್ ಹಾಕಿಸೋದು ಯಾರು?

ಗ್ಯಾರೇಜಿಗೆ ಗಾಡಿ ತಗೊಂಡು ಹೋಗೋದು ಡ್ರೈವರ್ ಕಮ್ ಓನರ್. ಇಪ್ಪತ್ತೈದು, ಮೂವತ್ತರ ಹುಡುಗ. ಆದರೆ ತೀರ್ಮಾನ ಅವನದಾ? ಬಾಡಿಗೆ ಸಿಗೋದು ಟ್ರಿಪ್ ಲೆಕ್ಕದಲ್ಲಿ ಅಥವಾ ಕ್ರೇಟ್ ಲೆಕ್ಕದಲ್ಲಿ. ಟ್ರಿಪ್ ಲೆಕ್ಕವಾದರೆ ಹೆಚ್ಚು ಹೇರಿದಷ್ಟೂ ವ್ಯಾಪಾರಿಗೆ ಲಾಭ. ಕ್ರೇಟ್ ಲೆಕ್ಕವಾದರೆ ಹೆಚ್ಚು ಹೇರದೆ ಡೀಸೆಲ್ ದುಡ್ಡು ಗಿಟ್ಟಲ್ಲ. ‘ಇಷ್ಟೇ ಹೇರ್ತೀನಿ’ ಅಂದರೆ ಹಿಂದೆ ಇನ್ನೊಂದು ಗಾಡಿ ಕಾಯ್ತಿರುತ್ತೆ. ಅದರ ಮೇಲೆ ಬಂಡೀಪುರದ ರಾತ್ರಿ ಸಂಚಾರ ನಿರ್ಬಂಧ. 2009ರಿಂದ ರಾತ್ರಿ 9ರಿಂದ ಬೆಳಗ್ಗೆ 6ರವರೆಗೆ ಕಾಡಿನ ರಸ್ತೆ ಬಂದ್. ಕಾಡುಪ್ರಾಣಿಗಳ ದೃಷ್ಟಿಯಿಂದ ಅದು ಬೇಕೇ ಬೇಕು, ಅದರಲ್ಲಿ ಅನುಮಾನ ಇಲ್ಲ. ಆದರೆ ಮದ್ದೂರು ಚೆಕ್‌ಪೋಸ್ಟ್ ಮುಚ್ಚುವ ಮೊದಲು ದಾಟಬೇಕು ಅಂದಾಗ ಎರಡು ಟ್ರಿಪ್‌ನ ಮಾಲು ಒಂದರಲ್ಲೇ ಹೋಗಲಿ ಅನ್ನುವ ಒತ್ತಡ ಹುಟ್ಟುತ್ತೆ, ಆ ಒತ್ತಡ ಬೀಳೋದು ಹಿಂದಿನ ಆಕ್ಸಲ್ ಮೇಲೆ. ಸಂಜೆ ಹೊತ್ತು ಲೋಡ್ ಮುಗಿಸುವ ಮಾರುಕಟ್ಟೆ ಸಮಯವನ್ನೇ ಹಿಂದಕ್ಕೆ ತಂದರೆ ಕಾಡಿಗೂ ಡ್ರೈವರಿಗೂ ಒಳ್ಳೆಯದು. ಈ ಬಗ್ಗೆ ಯಾವ ರಾಜಕಾರಣಿಯೂ ಭಾಷಣ ಮಾಡಲ್ಲ, ನಿರ್ಬಂಧ ತೆಗೆಯಿರಿ ಅನ್ನೋದು ಸುಲಭ.

ಕಾನೂನಿನ ಪದಗಳನ್ನು ನೋಡಿ. ಸೆಕ್ಷನ್ 194 ಓಡಿಸಿದವರನ್ನು ಮಾತ್ರ ಹೇಳೋದಿಲ್ಲ, ಓಡಿಸುವಂತೆ ಮಾಡಿದವರನ್ನೂ ಓಡಿಸಲು ಬಿಟ್ಟವರನ್ನೂ ಹೇಳುತ್ತೆ. ಮಾಲು ಹೇರಿಸಿದ ವ್ಯಾಪಾರಿಯನ್ನು ಮುಟ್ಟೋಕೆ ಅಷ್ಟು ಸಾಕು. ಸಾಕ್ಷಿಯೂ ಕೈಯಲ್ಲೇ ಇದೆ: ಎಪಿಎಂಸಿಯಲ್ಲಿ ಮಾರಾಟವಾದ ಪ್ರತಿ ಲಾಟಿನ ತೂಕ ಚೀಟಿಯಲ್ಲಿ ಇರುತ್ತೆ. ಆ ಚೀಟಿಯಲ್ಲಿ ಗಾಡಿ ನಂಬರ್ ಮತ್ತು ಆರ್‌ಸಿಯ ಹೊರುವ ಮಿತಿ ಎರಡನ್ನೂ ಬರೆಯಬೇಕು, ಮಿತಿ ದಾಟಿದರೆ ಗೇಟ್ ಪಾಸ್ ಕೊಡಬಾರದು. ಇಷ್ಟು ನಿಯಮ ಮಾಡೋಕೆ ಹೊಸ ಯಂತ್ರ ಬೇಡ, ಹೊಸ ಇಲಾಖೆಯೂ ಬೇಡ. ರೈತ ಸಂಘಟನೆಗಳು, ಚಾಲಕರ ಸಂಘಗಳು ಒಟ್ಟಿಗೆ ಕೇಳಬಹುದಾದ ಬೇಡಿಕೆ ಇದು. ಟ್ರಿಪ್ ಬದಲು ಟನ್ ಲೆಕ್ಕದ ಕನಿಷ್ಠ ಬಾಡಿಗೆಯೂ ಇದರ ಜೊತೆಗೇ ಬರಬೇಕು, ಇಲ್ಲದಿದ್ದರೆ ಲೋಡ್ ಇಳಿಸಿದ ನಷ್ಟ ಮತ್ತೆ ಡ್ರೈವರ್ ತಲೆಗೇ.

ಅಲ್ಲಿಯವರೆಗೆ, ಈಗಾಗಲೇ ಪ್ಲೇಟ್ ಹಾಕಿಸಿದ ಗಾಡಿ ನಿಮ್ಮದೋ ನಿಮ್ಮ ಅಣ್ಣನದೋ ಆಗಿದ್ದರೆ ಒಂದು ಸಲ ಮಾಮೂಲಿ ಲೋಡ್ ಸಮೇತ ವೇಬ್ರಿಡ್ಜ್‌ಗೆ ಹೋಗಿ. ಮೊದಲು ಪೂರ್ತಿ ಗಾಡಿ ತೂಗಿಸಿ, ಆಮೇಲೆ ಹಿಂದಿನ ಚಕ್ರಗಳನ್ನು ಮಾತ್ರ ಮೇಲಿಟ್ಟು ತೂಗಿಸಿ. ಬಂದದ್ದನ್ನು ಎರಡರಿಂದ ಭಾಗಿಸಿ, ಹಿಂದಿನ ಟೈರಿನ ಪಕ್ಕದಲ್ಲಿ ಅಚ್ಚಾಗಿರುವ ಲೋಡ್ ಇಂಡೆಕ್ಸ್ ಸಂಖ್ಯೆಯ ಜೊತೆ ಹೋಲಿಸಿ. 100 ಅಂದರೆ ಆ ಟೈರ್ ಹೊರೋದು 800 ಕೆಜಿ, 108 ಅಂದರೆ 1,000 ಕೆಜಿ, ಅದೂ ಪೂರ್ತಿ ಗಾಳಿ ಇದ್ದಾಗ. ಚೀಟಿಯನ್ನು ಡ್ಯಾಶ್‌ಬೋರ್ಡ್ ಮೇಲೆ ಇಟ್ಟುಕೊಳ್ಳಿ, ಮುಂದಿನ ಸಲ ‘ಇನ್ನೊಂದ್ ಹತ್ತು ಇಡು’ ಅಂದವರಿಗೆ ತೋರಿಸೋಕೆ ಬೇಕಾಗುತ್ತೆ.